ಏಪ್ರಿಲ್‌ನಲ್ಲಿ ಶುರುವಾಗುವ ವರ್ಷ

ನಮ್ಮ ವರದಿಯ ಮೊದಲ ಗ್ರಾಫಿನಲ್ಲಿ ಎಲ್ಲ ದೇಶಗಳ ಗೆರೆಗಳೂ ಒಂದು ಕಡೆ ಕೆಳಕ್ಕೆ ಜಗ್ಗಿದ್ದವು. ಅದು 2020, ಕೊರೊನಾಕ್ಕೆ ಹೆದರಿ ಜಗತ್ತು ಬಾಗಿಲು ಹಾಕಿಕೊಂಡ ವರ್ಷ. ಭಾರತದ ಗೆರೆ ಮಾತ್ರ ಅಲ್ಲಿ ಬಾಗದೆ ನೆಟ್ಟಗೆ ಸಾಗಿತ್ತು. ಮರುವರ್ಷ ಉಳಿದವರು ಮತ್ತೆ ಮೇಲೇಳುತ್ತಿದ್ದಾಗ ತಾನು ಕೆಳಗಿಳಿದಿತ್ತು.

ಲಂಡನ್ನಿನ ಓಲ್ಡ್ ಸ್ಟ್ರೀಟ್ ಹತ್ತಿರದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಕೂತು ನಾನು ಈ ಗ್ರಾಫನ್ನು ದಿನಾ ನೋಡುತ್ತಿದ್ದೆ. ಯಾವ ದೇಶ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ವರ್ಷದಿಂದ ವರ್ಷಕ್ಕೆ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೋಲಿಸಿ ನೋಡುವುದು ನಮ್ಮ ಕೆಲಸ. ಹೊಗೆಯನ್ನು ಯಾರೂ ಚಿಮಣಿಯ ಬಾಯಿಗೆ ತಕ್ಕಡಿ ಹಿಡಿದು ತೂಗುವುದಿಲ್ಲ. ದೇಶವೊಂದು ಸುಟ್ಟ ಕಲ್ಲಿದ್ದಲು ಎಷ್ಟು, ಡೀಸೆಲ್ ಎಷ್ಟು, ಅನಿಲ ಎಷ್ಟು ಎಂದು ಹಿಡಿದು, ಒಂದೊಂದನ್ನೂ ಅದರದರ ಗುಣಕದಿಂದ ಗುಣಿಸಿ, ಹೊಗೆಯನ್ನು ಕಾಗದದ ಮೇಲೆ ಹುಟ್ಟಿಸುತ್ತೇವೆ. ಹಾಗಾಗಿ ನಮ್ಮಲ್ಲಿ ಲೆಕ್ಕ ತಪ್ಪಿದರೆ ಹೊಗೆಯೇ ತಪ್ಪಿದಂತೆ.

ನನ್ನ ಕೆಲಸದ ಕರಾರು ಆ ವರದಿ ಹೊರಬರುವವರೆಗೆ ಮಾತ್ರ ಇತ್ತು. ಮುಂದುವರಿಸುವುದು ಬಿಡುವುದು ಸಂಸ್ಥೆಯ ಮುಖ್ಯಸ್ಥೆಯ ಕೈಯಲ್ಲಿತ್ತು. ಅವರು ಬೇಡವೆಂದರೆ ವೀಸಾ ಮುಗಿಯುತ್ತಿತ್ತು, ನಾನು ಊರಿಗೆ ಮರಳಬೇಕಿತ್ತು. ಧಾರವಾಡದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಾಗ ನಾನು ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಲೆಕ್ಕಗಳಿಗೆಲ್ಲ ಪುಸ್ತಕದ ಕೊನೆಯಲ್ಲಿ ಉತ್ತರ ಇರುತ್ತಿತ್ತು. ಉತ್ತರ ಯಾರಿಗೂ ಗೊತ್ತಿಲ್ಲದ ಲೆಕ್ಕ ನನ್ನ ಕೈಗೆ ಬಂದದ್ದು ಇಲ್ಲಿ, ಅದೂ ನಲವತ್ತು ದಾಟಿದ ಮೇಲೆ. ಅದನ್ನು ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ.

ಕಚೇರಿಗೆ ಎಲ್ಲರೂ ಬರುತ್ತಿದ್ದದ್ದು ಮಂಗಳವಾರ ಮತ್ತು ಗುರುವಾರ. ಉಳಿದ ದಿನ ಅವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ನನ್ನ ಕೋಣೆಯಲ್ಲಿ ಮೇಜು ಹಿಡಿಯುತ್ತಿರಲಿಲ್ಲವಾದ್ದರಿಂದ ನಾನೊಬ್ಬಳು ವಾರವಿಡೀ ಹೋಗುತ್ತಿದ್ದೆ. ಅಲ್ಲಿನ ದೀಪಗಳು ಮನುಷ್ಯರ ಓಡಾಟ ನೋಡಿ ಉರಿಯುವಂಥವು. ನಾನು ಅಲ್ಲಾಡದೆ ಕೂತು ಲೆಕ್ಕ ಮಾಡುತ್ತಿದ್ದರೆ ಒಳಗೆ ಯಾರೂ ಇಲ್ಲವೆಂದುಕೊಂಡು ಆರಿಹೋಗುತ್ತಿದ್ದವು. ಆಗ ಬಸ್ಸಿಗೆ ಕೈ ಮಾಡುವವಳ ಹಾಗೆ ತೋಳೆತ್ತಿ ಬೀಸಬೇಕು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಕೆಲವು ದಿನ ಕೈ ಎತ್ತದೆ ಮಬ್ಬಿನಲ್ಲೇ ಕೂತಿರುತ್ತಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ತೆರೆಯದೆ ಕಳೆದ ದಿನಗಳೂ ಇದ್ದವು.

ಮನೆಗೆ ಬಂದರೆ ಮಾತಿಗೆ ಬರವಿರಲಿಲ್ಲ. ನಾನಿದ್ದದ್ದು ಎಜ್‌ವೇರ್‌ನಲ್ಲಿ, ಬೆಳಗಾವಿ ಕಡೆಯ ಹಿರಿಯ ಹೆಂಗಸೊಬ್ಬರ ಮನೆಯ ಮಹಡಿ ಕೋಣೆಯಲ್ಲಿ. ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ, ನನಗೂ ಕಾಕು. ಈಸ್ಟ್ ಹ್ಯಾಮ್‌ನಿಂದ ಜೋಳದ ಹಿಟ್ಟು ತರಿಸಿ, ಕಡಕ್ ರೊಟ್ಟಿ ಬಡಿದು, ಕೊಲಿಂಡೇಲ್‌ನ ಹೊಸ ಫ್ಲ್ಯಾಟುಗಳಲ್ಲಿರುವ ಕನ್ನಡದ ಮನೆಗಳಿಗೆ ಮಾರುವುದು ಅವರ ಉದ್ಯೋಗ. ರೊಟ್ಟಿ ಬೆಂಕಿಗೆ ಹಿಡಿದರೆ ಛಾವಣಿಯ ಹೊಗೆ ಅಲಾರಂ ಕಿರುಚಿಕೊಳ್ಳುತ್ತಿತ್ತು. ಅದರ ಬಾಯಿಗೆ ಸ್ನಾನದ ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಿಯೇ ಕಾಕು ಒಲೆ ಹಚ್ಚುವುದು.

"ನೀ ಹೊಗಿ ಎಣಸಾಕಿ, ನಾ ಹೊಗಿ ಎಬ್ಬಸಾಕಿ. ಛಲೋ ಜೋಡಿ ಕೂಡೇತಿ ನೋಡವಾ" ಎಂದು ಅವರು ನಗುತ್ತಿದ್ದರು. ಶನಿವಾರ ರೊಟ್ಟಿ ಕಟ್ಟುಗಳನ್ನು ಕೊಲಿಂಡೇಲ್‌ಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ.

ಆದರೂ ಒಂದು ಮಾತನ್ನು ನಾನು ಕಾಕುಗೂ ಹೇಳಿರಲಿಲ್ಲ. ನನ್ನ ಅಕ್ಕ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ. ಧಾರವಾಡದ ಮನೆಯಲ್ಲಿ ನಾವಿದ್ದದ್ದು ಇಬ್ಬರೇ. ಅಕ್ಕ ಹೋದದ್ದು ಕಾಕುಗೆ ಗೊತ್ತಿತ್ತು. ಗ್ರಾಫಿನ ವಿಷಯ ಗೊತ್ತಿರಲಿಲ್ಲ. ಭಾರತದ ಗೆರೆ 2021ರಲ್ಲಿ ಇಳಿದದ್ದಕ್ಕೆ ನಮ್ಮ ವರದಿ ಎರಡನೇ ಅಲೆಯ ಕಾರಣ ಕೊಟ್ಟಿತ್ತು. ಆ ಗೆರೆ ಆ ವರ್ಷಕ್ಕೆ ಬಂದು ತಲೆ ತಗ್ಗಿಸುವುದನ್ನು ನೋಡಿದರೆ ನನಗೆ ಸಮಾಧಾನವಾಗುತ್ತಿತ್ತು. ಇಷ್ಟು ದೊಡ್ಡ ದೇಶ ನಮ್ಮ ಅಕ್ಕನ ಸಲುವಾಗಿ ಒಂದು ಗಳಿಗೆ ಕೈಕೆಲಸ ಬಿಟ್ಟು ನಿಂತಿತ್ತು ಎಂದುಕೊಳ್ಳುತ್ತಿದ್ದೆ. ಲೆಕ್ಕ ಕಲಿಸುವವಳು ಹೀಗೆ ಯೋಚಿಸಬಾರದು. ಆದರೆ ಯೋಚಿಸುತ್ತಿದ್ದೆ.

ವರದಿ ಮುದ್ರಣಕ್ಕೆ ಹೋಗುವ ಹದಕ್ಕೆ ಬಂದಾಗ ನಮ್ಮ ಸಂಪಾದಕರು ನನ್ನ ಮೇಜಿಗೆ ಬಂದರು. ಸ್ಕಾಟ್ಲೆಂಡಿನವರು, ನಿವೃತ್ತಿಗೆ ಹತ್ತಿರವಿದ್ದವರು, ಮಿತಭಾಷಿ. ಮೊದಲ ಪುಟದ ತಲೆಬರಹವನ್ನು ಓದಿ ಹೇಳಿದರು. 'ಜಗತ್ತು ಬಾಗಿತು, ಭಾರತ ಬಾಗಲಿಲ್ಲ.' ಪತ್ರಿಕೆಗಳಿಗೂ ಇದೇ ಸಾಲು ಹೋಗುತ್ತದಂತೆ.

"2020ರ ಬೇಸಿಗೆಯಲ್ಲಿ ನೀವು ಅಲ್ಲೇ ಇದ್ದಿರಲ್ಲ. ಕಾರ್ಖಾನೆಗಳು ನಡೆಯುತ್ತಿದ್ದವೇ? ನಿಮ್ಮ ಕಣ್ಣಿಗೆ ಕಂಡದ್ದು ಒಂದೆರಡು ಮಾತು ಹೇಳಿ, ಪಕ್ಕದಲ್ಲಿ ಹಾಕುತ್ತೇನೆ" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲವಲ್ಲ. ಎಲ್ಲ ನಿಂತಿತ್ತು" ಎಂದೆ. "ನಾನೂ ಅಕ್ಕನೂ ತಾರಸಿ ಮೇಲೆ ಕೂರುತ್ತಿದ್ದೆವು. ಒಂದು ಬಸ್ಸಿಲ್ಲ, ಲಾರಿ ಇಲ್ಲ, ರೈಲಿನ ಕೂಗಿಲ್ಲ. ಎದುರು ಓಣಿಯ ಕುಕ್ಕರಿನ ಸೀಟಿ ಕೂಡ ಕೇಳುತ್ತಿತ್ತು. ಮರುವರ್ಷ ಹಾಗಲ್ಲ. ಆಗಲೂ ನಿರ್ಬಂಧ ಇತ್ತು, ಆದರೆ ಲಾರಿಗಳು ಓಡುತ್ತಲೇ ಇದ್ದವು. ಆಸ್ಪತ್ರೆಯ ಹೊರಗೆ ನಿಂತು ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿದರೆ ಅವುಗಳ ಸದ್ದಿಗೆ ಅವಳ ದನಿ ಕೇಳುತ್ತಿರಲಿಲ್ಲ."

ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೇಳಿಸಿ ಗ್ರಾಫಿನ ಕಡೆ ತಿರುಗಿದೆ. ಸಂಪಾದಕರು ಗ್ರಾಫನ್ನು ನೋಡಿದರು, ನನ್ನನ್ನು ನೋಡಿದರು. ಗೆರೆ ಹೇಳುತ್ತಿದ್ದದ್ದು ಇದಕ್ಕೆ ಸರಿಯಾಗಿ ತಿರುಗುಮುರುಗು. ನಿಶ್ಶಬ್ದದ ವರ್ಷ ನೆಟ್ಟಗಿತ್ತು, ಸದ್ದಿನ ವರ್ಷ ಬಾಗಿತ್ತು.

ನೆನಪು ಪುರಾವೆಯಲ್ಲ ಎಂದು ನಾನೇ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಹಾಗಾಗಿ ಮರುದಿನ ಖಾಲಿ ಕಚೇರಿಯಲ್ಲಿ ಡೀಸೆಲ್ ಒಂದನ್ನೇ ಹಿಡಿದು ಕೂತೆ. ಭಾರತದಲ್ಲಿ ಡೀಸೆಲ್ ಮಾರಾಟದ ಅಂಕಿಗಳು ತಿಂಗಳವಾರು ಸಿಗುತ್ತವೆ. 2020ರ ಜನವರಿಯಿಂದ ಡಿಸೆಂಬರ್‌ವರೆಗೆ ಕೂಡಿದೆ. ನಮ್ಮ ಕೋಷ್ಟಕದ 2020ಕ್ಕೆ ತಾಳೆಯಾಗಲಿಲ್ಲ. ಕೂಡಿದ್ದು ತಪ್ಪಾಯಿತೇನೋ ಎಂದು ಮತ್ತೆ ಕೂಡಿದೆ. ಆಗಲೂ ಇಲ್ಲ. ಆಮೇಲೆ ಏನೋ ಹೊಳೆದು 2019ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗೆ ಕೂಡಿದೆ. ಕೊನೆಯ ಅಂಕಿಯವರೆಗೆ ತಾಳೆಯಾಯಿತು.

ಭಾರತದ ಸರ್ಕಾರಿ ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಅದನ್ನು 2019-20 ಎಂದು ನಡುವೆ ಅಡ್ಡಗೆರೆ ಎಳೆದು ಬರೆಯುತ್ತಾರೆ. ಅಡ್ಡಗೆರೆಯ ವರ್ಷ ಬಂದರೆ ಎರಡನೆಯ ಅಂಕಿಯನ್ನು ಹಿಡಿಯಬೇಕು ಎಂದು ನಮ್ಮ ಸಂಸ್ಥೆಯಲ್ಲಿ ಯಾವಾಗಲೋ ಒಂದು ನಿಯಮ ಮಾಡಿಟ್ಟಿದ್ದರು. ಕಂಪ್ಯೂಟರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಹೀಗಾಗಿ ನಮ್ಮ 2020ರ ಒಳಗೆ ಇದ್ದದ್ದು ಬಹುಪಾಲು 2019. ಲಾಕ್‌ಡೌನ್ ಶುರುವಾದದ್ದು ಮಾರ್ಚ್ ಕೊನೆಗೆ. ಹಾಗಾಗಿ ಆ ನಿಶ್ಶಬ್ದ ಬೇಸಿಗೆ ಪೂರ್ತಿ ಪಕ್ಕಕ್ಕೆ ಸರಿದು 2021ರ ಜಾಗದಲ್ಲಿ ಹೋಗಿ ಕೂತಿತ್ತು. ಎರಡನೇ ಅಲೆ ಎಂಬ ವಿವರಣೆಯನ್ನು ಆಮೇಲೆ ಯಾರೋ ಜಾಣರು ಆ ತಗ್ಗಿಗೆ ಹೊಂದಿಸಿದ್ದರು.

ಇಲ್ಲಿನವರು ಇದನ್ನು ಗಮನಿಸದೆ ಇದ್ದದ್ದು ನಿಯಮ ಇತ್ತೆಂಬ ಭರವಸೆಯಿಂದ. ನನ್ನ ಕಣ್ಣಿಗೂ ಬೀಳದೆ ಇದ್ದದ್ದು ಬೇರೆ ಕಾರಣಕ್ಕೆ. ಶಾಲೆಯ ಹಾಜರಿ ಪುಸ್ತಕದ ಮೇಲೆ, ಅಂಕಪಟ್ಟಿಯಲ್ಲಿ, ತೆರಿಗೆಯ ಕಾಗದದಲ್ಲಿ, ಗ್ರಂಥಾಲಯದ ಕಾರ್ಡಿನಲ್ಲಿ, ಎಲ್ಲಿ ನೋಡಿದರೂ ನಾವು ಅಡ್ಡಗೆರೆಯ ವರ್ಷಗಳಲ್ಲೇ ಬೆಳೆದವರು. ಅದು ಎರಡು ವರ್ಷಗಳ ತುಂಡು ಸೇರಿಸಿ ಹೊಲಿದದ್ದು ಎಂದು ನಮಗೆ ಅನಿಸುವುದೇ ಇಲ್ಲ.

ಗುರುವಾರ ಮುಖ್ಯಸ್ಥೆಗೆ ಹೇಳಿದೆ. ಅವರು ಒಳ್ಳೆಯವರು. ನನ್ನನ್ನು ಕೆಲಸಕ್ಕೆ ಆರಿಸಿದವರೇ ಅವರು. ನಾನು ಕೂಡಿದ್ದನ್ನು ಸಾಲುಸಾಲಾಗಿ ನೋಡಿ ಪೆನ್ನು ಕೆಳಗಿಟ್ಟರು.

"ನಿಮ್ಮ ಲೆಕ್ಕದ ಮೇಲೆ ನನಗೆ ಸಂಶಯವಿಲ್ಲ. ಆದರೆ ಹೊರಗಿನವರು ಏನೆನ್ನುತ್ತಾರೆ ಯೋಚಿಸಿ. ಭಾರತದಿಂದ ಬಂದ ವಿಶ್ಲೇಷಕಿ, ಮುದ್ರಣಕ್ಕೆ ಹೋಗುವ ಮುಂಚೆ, ಭಾರತದ ಗೆರೆಯೊಂದನ್ನೇ ತಿದ್ದಿದರು ಎನ್ನುವುದಿಲ್ಲವೇ?"

ನಾನು ಲೆಕ್ಕದ ಹಾಳೆಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ.

"ತಪ್ಪು ತಿಳಿಯಬೇಡಿ. ಆ ತಲೆಬರಹ ನಿಮಗೆ ನೋವು ಕೊಡದಿದ್ದರೆ ನೀವು ಇದನ್ನು ಹುಡುಕುತ್ತಿದ್ದಿರಾ?"

ನನಗೆ ನೋವು ಕೊಟ್ಟಿರಲಿಲ್ಲ, ಆ ಗೆರೆ ನನಗೆ ಸಮಾಧಾನ ಕೊಡುತ್ತಿತ್ತು, ಅದನ್ನು ನಾನೇ ಕಿತ್ತುಹಾಕುತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ? ಕೊನೆಗೆ ಅವರು ಒಂದು ದಾರಿ ತೋರಿಸಿದರು. ಗ್ರಾಫು, ತಲೆಬರಹ ಹಾಗೇ ಇರಲಿ, ಭಾರತದ ಅಂಕಿಗಳು ಹಣಕಾಸು ವರ್ಷದವು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ ಹಾಕೋಣ. ವರದಿ ಹೊರಬಂದ ಮೇಲೆ ನನ್ನ ಕರಾರಿನ ಬಗ್ಗೆ ಕೂತು ಮಾತಾಡೋಣ. ಎರಡು ಮಾತನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು. ಬೆದರಿಕೆಯ ದನಿ ಅದರಲ್ಲಿ ಇರಲಿಲ್ಲ. ಆದರೂ ಎರಡನ್ನೂ ಜೋಡಿಸಿಕೊಳ್ಳದೆ ಇರಲು ನನ್ನಿಂದ ಆಗಲಿಲ್ಲ.

ಶನಿವಾರ ರೊಟ್ಟಿ ಕಟ್ಟು ಹಿಡಿದು ಕೊಲಿಂಡೇಲ್‌ಗೆ ಹೋದೆ. ಅಲ್ಲಿ ಒಂದು ಎತ್ತರದ ಬ್ಲಾಕಿನಲ್ಲಿ ಬೆಂಗಳೂರಿನ ಐಟಿ ದಂಪತಿ ಬಾಡಿಗೆಗಿದ್ದರು. ಗಂಡನಿಗೆ ನನ್ನ ಕೆಲಸದ ಬಗ್ಗೆ ಕುತೂಹಲ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವಳಿಗೆ ನೀರು ಕೊಟ್ಟು, "ಯಾಕೆ ಮೇಡಂ ಡಲ್ ಆಗಿದೀರಾ?" ಎಂದು ಅವನು ಕೇಳಿದ. ಅಷ್ಟು ಕೇಳಿದ್ದಕ್ಕೇ ಎಲ್ಲ ಹೇಳಿಬಿಟ್ಟೆ. ಒಂಟಿಯಾಗಿರುವವರಿಗೆ ಈ ರೋಗ ಇರುತ್ತದೆ.

ಅವನ ಮುಖ ಕೆಂಪಾಯಿತು. "ನೋಡಿದ್ರಾ! ಇವ್ರು ಯಾವಾಗ್ಲೂ ಹಿಂಗೇ ಮೇಡಂ. ತಾವು ಶುರು ಮಾಡಿದ್ದೇ ಹೊಗೆ, ಈಗ ನಮ್ಗೆ ಪಾಠ ಹೇಳ್ತಾರೆ. ತಲೆಗೆ ಎಷ್ಟು ಅಂತ ಲೆಕ್ಕ ಹಾಕಿದ್ರೆ ನಾವು ಎಲ್ಲಿದೀವಿ, ಅವ್ರು ಎಲ್ಲಿದಾರೆ? ನೀವು ಬಿಡ್ಬೇಡಿ. ನಮ್ ಕಡೆಯೋರು ಒಬ್ರಾದ್ರೂ ಅಲ್ಲಿದೀರಲ್ಲ, ಫೈಟ್ ಮಾಡಿ!"

ತಲಾವಾರು ಲೆಕ್ಕದ ಮಾತು ನಿಜವೇ. ಅದು ನಮ್ಮ ಎರಡನೇ ಗ್ರಾಫಿನಲ್ಲಿ ಇತ್ತು ಕೂಡ. ಆದರೆ ಮೆಟ್ಟಿಲಿಳಿಯುವಾಗ, ನಾನು ಕೇಳಬೇಕೆಂದಿದ್ದ ಮಾತು ಇದಲ್ಲ ಅನಿಸಿತು. ಕಚೇರಿಯಲ್ಲಿ ನಾನು ಭಾರತದ ವಕೀಲೆ, ಇಲ್ಲಿ ಭಾರತದ ಸಿಪಾಯಿ. ಲೆಕ್ಕ ಸರಿಯೋ ತಪ್ಪೋ ಎಂದು ಎರಡೂ ಕಡೆ ಯಾರೂ ಕೇಳಲಿಲ್ಲ. ಅದನ್ನು ಕೇಳುತ್ತಿದ್ದವಳು ಅಕ್ಕ ಒಬ್ಬಳೇ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ನಾನು ಯಾರ ಮೇಲೆ ಏನು ದೂರು ತಂದರೂ, ಅದೆಲ್ಲ ಇರಲಿ, ಮೊದಲು ಲೆಕ್ಕ ತೋರಿಸು ಎನ್ನುವವಳು.

ವಾಪಸ್ ಬರುವಾಗ ಬರ್ನ್ಟ್ ಓಕ್ ಸ್ಟೇಷನ್ನಿನಲ್ಲಿ ಟ್ಯೂಬ್ ರೈಲು ಏಕೋ ನಿಂತಿತು. ಖಾಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳಿಗೆ ಅಕ್ಕನ ಜೊತೆಗೆ ಪರೀಕ್ಷೆಯ ಮೌಲ್ಯಮಾಪನದ ದಿನಗಳು ನೆನಪಾದವು. ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ವಿದ್ಯಾರ್ಥಿ ಬಂದು, ಈ ಪ್ರಶ್ನೆಗೆ ನನಗೆ ಅಂಕ ಕಡಿಮೆ ಬಿದ್ದಿದೆ ಎಂದರೆ, ಅವನ ಮಾತು ನಿಜವಿದ್ದರೂ ಅವನೊಬ್ಬನ ಅಂಕ ಏರಿಸುವಂತಿರಲಿಲ್ಲ. ಉತ್ತರ ಪತ್ರಿಕೆಗಳ ಇಡೀ ಕಟ್ಟು ಬಿಚ್ಚಬೇಕು. ಆ ಪ್ರಶ್ನೆಗೆ ಉತ್ತರ ಬರೆದ ಎಲ್ಲರದನ್ನೂ ಮತ್ತೆ ನೋಡಬೇಕು. ಹೆಸರಿನ ಭಾಗ ಮಡಚಿ ಅಂಟಿಸಿರಬೇಕು. ಕೆಲವರಿಗೆ ಏರುತ್ತಿತ್ತು, ಕೆಲವರಿಗೆ ಇಳಿಯುತ್ತಿತ್ತು, ಕೇಳಲು ಬಂದವನಿಗೇ ಇಳಿದದ್ದೂ ಉಂಟು. ಮೇ ತಿಂಗಳ ಸೆಕೆಯಲ್ಲಿ ನಾವು ಬೈದುಕೊಳ್ಳುತ್ತಲೇ ಆ ಕಟ್ಟುಗಳನ್ನು ಬಿಚ್ಚುತ್ತಿದ್ದೆವು.

ಎಜ್‌ವೇರ್ ಬರುವಷ್ಟರಲ್ಲಿ ನಿರ್ಧಾರವಾಗಿತ್ತು. ಭಾರತದ ಗೆರೆಯನ್ನು ನಾನು ತಿದ್ದುವುದಿಲ್ಲ. ಇಡೀ ಕಟ್ಟು ಬಿಚ್ಚುತ್ತೇನೆ.

ಸೋಮವಾರ ಮುಖ್ಯಸ್ಥೆಗೆ ಫೋನ್ ಮಾಡಿ, ತಪ್ಪಿರುವುದು ನಮ್ಮ ನಿಯಮದಲ್ಲಿ, ಆದ್ದರಿಂದ ಅಡ್ಡಗೆರೆಯ ವರ್ಷವಿರುವ ಎಲ್ಲ ದೇಶಗಳನ್ನೂ ನೋಡುತ್ತೇನೆ, ಮುದ್ರಣ ಮುಂದೂಡಿ ಎಂದೆ. ಅವರು ಕ್ಯಾಲೆಂಡರ್ ತಿರುವಿದ ಸದ್ದು ಕೇಳಿಸಿತು.

"ಬಿಡುಗಡೆಗೆ ಜನರನ್ನು ಕರೆದಾಗಿದೆ. ಎಲ್ಲ ಮಾಡಿದ ಮೇಲೂ ನಿಮ್ಮದೇ ತಪ್ಪಾದರೆ?"

"ತಪ್ಪಾದರೆ ನನ್ನನ್ನು ಉಳಿಸಿಕೊಳ್ಳಬೇಡಿ" ಎಂದೆ. ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡಿ. ಫೋನ್ ಇಟ್ಟವಳೇ ವೀಸಾ ಮುಗಿಯುವ ತಾರೀಖು ತೆಗೆದು ನೋಡಿದೆ. ಅವರು ಮುದ್ರಣ ಮುಂದೂಡಿದರು, ಆದರೆ ಸಂತೋಷದಿಂದ ಅಲ್ಲ. ಆಮೇಲೆ ಕೆಲವು ವಾರ ಮಂಗಳವಾರ, ಗುರುವಾರ ಕೂಡ ಕಚೇರಿಯಲ್ಲಿ ನನ್ನ ಸುತ್ತ ಮಾತು ಕಡಿಮೆಯಾಯಿತು. ಊಟಕ್ಕೆ ಹೊರಡುವವರು ನನ್ನ ಮೇಜಿನ ಹತ್ತಿರ ಮೊದಲಿನ ಹಾಗೆ ನಿಲ್ಲುತ್ತಿರಲಿಲ್ಲ.

ಕೆಲಸ ಶುರು ಮಾಡಿದ ಮೇಲೆ ಗೊತ್ತಾದದ್ದು, ವರ್ಷವೆಂಬುದು ಒಂದೊಂದು ದೇಶದಲ್ಲಿ ಒಂದೊಂದು ಕಡೆ ಹುಟ್ಟುತ್ತದೆ. ಜಪಾನಿನದು ನಮ್ಮ ಹಾಗೆ ಏಪ್ರಿಲ್‌ನಲ್ಲಿ. ಅದರ ಗೆರೆ ಮೊದಲಿನಿಂದಲೂ ಇಳಿಯುತ್ತಿದ್ದದ್ದರಿಂದ ತಪ್ಪು ಎದ್ದು ಕಂಡಿರಲಿಲ್ಲ. ಆಸ್ಟ್ರೇಲಿಯಾ, ಪಾಕಿಸ್ತಾನ, ಬಾಂಗ್ಲಾದೇಶದ್ದು ಜುಲೈನಲ್ಲಿ. ಇರಾನಿನದು ಮಾರ್ಚ್ 21ರ ಸುಮಾರಿಗೆ. ಏಪ್ರಿಲ್‌ನ ವರ್ಷವಾದರೆ ಮುಕ್ಕಾಲು ಪಾಲು ಅಡ್ಡಗೆರೆಯ ಮೊದಲ ಅಂಕಿಗೆ ಸೇರಬೇಕು. ಜುಲೈನದಾದರೆ ಅರ್ಧರ್ಧ, ಯಾವ ಕಡೆ ಹಾಕಿದರೂ ತಪ್ಪೇ. ತಿಂಗಳವಾರು ಅಂಕಿ ಸಿಕ್ಕಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಹೊಸದಾಗಿ ಕೂಡಿದೆ. ಸಿಗದಲ್ಲಿ ಪಕ್ಕಪಕ್ಕದ ಎರಡು ವರ್ಷಗಳಿಂದ ತಕ್ಕಷ್ಟು ಪಾಲು ತೆಗೆದು ಜೋಡಿಸಿದೆ. ಆದರೆ ಹೀಗೆ ಪಾಲು ಮಾಡಿದರೆ ಒಂದು ತೊಡಕಿದೆ. ಲಾಕ್‌ಡೌನಿನಂಥ ಹಠಾತ್ ಕುಸಿತ ಹನ್ನೆರಡು ತಿಂಗಳಿಗೂ ಸಮನಾಗಿ ಹರಡಿ ತೆಳ್ಳಗಾಗುತ್ತದೆ. ಅದಕ್ಕೆ ತಿಂಗಳ ಅಂಕಿ ಇರುವ ದೇಶಗಳ ಮೇಲೆ ಮೊದಲು ಪಾಲಿನ ವಿಧಾನ ನಡೆಸಿ, ಎಷ್ಟು ತಪ್ಪುತ್ತದೆ ಎಂದು ಅಳೆದು, ಉಳಿದವಕ್ಕೆ ಅಷ್ಟು ಅನಿಶ್ಚಿತತೆಯನ್ನು ಗೆರೆಯ ಎರಡೂ ಬದಿಗೆ ನೆರಳಿನ ಹಾಗೆ ತೋರಿಸಿದೆ.

ಇಷ್ಟಾದ ಮೇಲೆ ದೇಶಗಳ ಹೆಸರು ಅಳಿಸಿ, ಬರೀ ಅಕ್ಷರಗಳನ್ನು ಇಟ್ಟು, ಎಲ್ಲವನ್ನೂ ಸಂಪಾದಕರಿಗೆ ಕೊಟ್ಟೆ. ಪ್ರತಿ ದೇಶದ ಮೊದಲ ವರ್ಷದ ಅಂಕಿಯನ್ನು ನೂರೆಂದು ಇಟ್ಟು ಉಳಿದವನ್ನು ಅದಕ್ಕೆ ತಕ್ಕಂತೆ ಬದಲಾಯಿಸಿದ್ದೆನಾದ್ದರಿಂದ ದೊಡ್ಡ ದೇಶ ಯಾವುದು, ಸಣ್ಣದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಅವರು ಪದಗಳ ಮನುಷ್ಯರಾದರೂ ಕೂಡಿ ಕಳೆಯುವುದರಲ್ಲಿ ನಿಧಾನ ಮತ್ತು ಖಚಿತ. ಎರಡು ಗುರುವಾರ ನನ್ನ ಎದುರಿನ ಮೇಜಿನಲ್ಲಿ ಕೂತು, ಬೆರಳಿಟ್ಟು ಒಂದೊಂದೇ ಸಾಲು ನೋಡಿದರು.

"ಈ ದೇಶ ಎರಡು ಸಲ ಸರಿದಿದೆ" ಎಂದು ಒಂದು ಅಕ್ಷರದ ಮೇಲೆ ಬೆರಳಿಟ್ಟರು.

ಹೌದು. ಅದು ಜಪಾನು. ಅದರ ಒಂದು ಆಕರ ಏಪ್ರಿಲ್ ವರ್ಷದ್ದು, ಇನ್ನೊಂದು ಆಗಲೇ ಜನವರಿಗೆ ಹೊಂದಿಸಿದ್ದು. ನಾನು ಎರಡನ್ನೂ ಸರಿಸಿದ್ದೆ. ತಪ್ಪು ತಿದ್ದಲು ಹೋದವಳೇ ಅದೇ ಜಾತಿಯ ತಪ್ಪು ಮಾಡಿದ್ದೆ. ಮತ್ತೆ ಮೊದಲಿನಿಂದ ಎಲ್ಲ ಆಕರಗಳನ್ನೂ ತೆಗೆದು ನೋಡಿದೆ. ಇನ್ನೆಲ್ಲೂ ಹಾಗಾಗಿರಲಿಲ್ಲ. ಇದನ್ನು ಮುಖ್ಯಸ್ಥೆಗೆ ನಾನೇ ಹೇಳಿದೆ. ವಿಚಿತ್ರವೆಂದರೆ, ಆ ದಿನದಿಂದ ಅವರು ನನ್ನ ಲೆಕ್ಕವನ್ನು ನಂಬತೊಡಗಿದರು.

ಕೊನೆಗೆ ಹೆಸರುಗಳನ್ನು ಮರಳಿ ಹಾಕಿದಾಗ ಮುಖ್ಯಸ್ಥೆ, ಸಂಪಾದಕರು, ನಾನು ಒಂದೇ ಪರದೆಯ ಮುಂದೆ ನಿಂತಿದ್ದೆವು. ಭಾರತದ ಗೆರೆ 2020ರಲ್ಲಿ ಎಲ್ಲರ ಹಾಗೆ ಬಾಗಿತ್ತು. ಚೆನ್ನಾಗಿಯೇ ಬಾಗಿತ್ತು. ಆದರೆ 2021ರಲ್ಲಿ ಕಡಿದಾಗಿ ಮೇಲೆದ್ದು, ಆಮೇಲೂ ಏರುತ್ತಾ, ಕೊನೆಯ ಬಿಂದು ಮೊದಲಿದ್ದುದಕ್ಕಿಂತ ಎತ್ತರದಲ್ಲಿ ನಿಂತಿತ್ತು. ಏರುತ್ತಿರುವ ದೇಶದ ತಿಂಗಳುಗಟ್ಟಲೆ ಹಳೆಯ ಲೆಕ್ಕವನ್ನು ಈಚಿನ ವರ್ಷಕ್ಕೆ ಹಾಕಿದರೆ ಅದು ತಗ್ಗಿ ಕಾಣುತ್ತದೆ. ಸರಿಮಾಡಿದರೆ ಎತ್ತರ ಕಾಣುತ್ತದೆ. ಇಳಿಯುತ್ತಿರುವ ಜಪಾನಿನದು ಇದಕ್ಕೆ ತಿರುಗುಮುರುಗು.

"ಇದು ನಿಮ್ಮ ದೇಶಕ್ಕೆ ಅನುಕೂಲದ ಗೆರೆಯಲ್ಲ" ಎಂದರು ಮುಖ್ಯಸ್ಥೆ.

"ಅಲ್ಲ" ಎಂದೆ.

"ನಾನು ಆ ದಿನ ಕೇಳಿದ್ದು ಸರಿಯಲ್ಲ. ಕ್ಷಮಿಸಿ."

ನನಗೆ ಅಳು ಬಂತು. ಅವರು ಕ್ಷಮೆ ಕೇಳಿದ್ದಕ್ಕೆ ಎಂದು ಅವರು ತಿಳಿದಿರಬೇಕು, ಕಾಗದದ ಕರವಸ್ತ್ರ ಕೊಟ್ಟರು. ನಾನು ನೋಡುತ್ತಿದ್ದದ್ದು 2021ನ್ನು. ಅಲ್ಲಿ ತಗ್ಗು ಇರಲಿಲ್ಲ.

ವರದಿ ತಡವಾಗಿ ಬಂತು, ತಲೆಬರಹ ಬದಲಾಯಿತು. ನನ್ನ ಕರಾರು ಇನ್ನೊಂದು ಅವಧಿಗೆ ಮುಂದುವರಿಯಿತು. ಅಡ್ಡಗೆರೆಯ ನಿಯಮವನ್ನು ತೆಗೆದು ಹೊಸದು ಬರೆಯುವುದು ನನ್ನ ಮೊದಲ ಕೆಲಸವಾಯಿತು. ಶನಿವಾರ ಕೊಲಿಂಡೇಲ್‌ನ ಬಾಗಿಲು ತೆರೆದ ಐಟಿಯವನು ಈ ಸಲ ಒಳಗೆ ಕರೆಯಲಿಲ್ಲ.

"ಆನ್‌ಲೈನ್‌ನಲ್ಲಿ ನೋಡ್ದೆ ಮೇಡಂ. ಕೊನೇಲಿ ನಮ್ ಲೈನ್ ಇನ್ನೂ ಮೇಲೆ ಹೋಗಿದೆ. ನೀವೇ ಹಿಂಗ್ ಮಾಡಿದ್ರೆ ಹೆಂಗೆ?"

"ಲೆಕ್ಕ ಹಾಗಿದೆ" ಎಂದೆ.

ಅವನು ರೊಟ್ಟಿ ತೆಗೆದುಕೊಂಡ. ಮುಂದಿನ ವಾರಕ್ಕೆ ಬೇಡ, ಮೆಸೇಜ್ ಮಾಡ್ತೀನಿ ಎಂದ. ಕಾಕುಗೆ ನನ್ನಿಂದ ಒಂದು ಗಿರಾಕಿ ಹೋಯಿತು.

ಮನೆಗೆ ಬಂದು ಕಾಕುಗೆ ಅದನ್ನು ಹೇಳಿ, ಯಾಕೆ ಎಂದು ತೋರಿಸಲು ಅಚ್ಚಾದ ವರದಿಯನ್ನು ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿಟ್ಟೆ. ಅವರು ಹಿಟ್ಟಿನ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು.

"ಗಿರಾಕಿ ಹೋದ್ರ ಹೋಗ್ಲಿ ಬಿಡು, ಇನ್ನೊಂದು ಬರತೈತಿ. ನಮ್ಮ ಗೆರಿ ಯಾವುದು?"

ತೋರಿಸಿದೆ. ಅವರು ಎಡದಿಂದ ಬಲಕ್ಕೆ ಬೆರಳಾಡಿಸುತ್ತಾ ಹೋದರು. ತಗ್ಗಿನಲ್ಲಿ ಬೆರಳು ನಿಂತಿತು.

"ಇದು?"

"ಮೊದಲನೇ ಲಾಕ್‌ಡೌನ್ ಕಾಕು. ಎಲ್ಲಾ ಬಂದ್ ಇತ್ತಲ್ಲ, ಆವಾಗಿಂದು."

"ಮತ್ತ ನಿಮ್ಮಕ್ಕ ಹೋದ ವರ್ಷ ಯಾವುದವಾ?"

ನಾನು ಅವರ ಬೆರಳನ್ನು ಹಿಡಿದು ಪಕ್ಕದ ವರ್ಷದ ಮೇ ತಿಂಗಳಿರಬಹುದಾದ ಜಾಗಕ್ಕೆ ಸರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಮತ್ತೊಮ್ಮೆ ನೋಡಿದರು.

"ಇಲ್ಲಿ ಗೆರಿ ಏರೇತಲ್ಲ" ಎಂದರು ಮೆಲ್ಲಗೆ.

"ಹೌದು ಕಾಕು" ಎಂದೆ. "ಎಲ್ಲಾ ನಡದಿತ್ತು. ಯಾವುದೂ ನಿಂತಿರಲಿಲ್ಲ."